ಮಳೆಗಾಲದಲ್ಲಿ ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ನೋಡಿಸಿ
ಕಾಸರಗೋಡು ಕಡೆಯ ಬೈಕಿನವರಿಗೆ ಒಂದು ಮಾತು. ಮಳೆ ಹಿಡಿದ ಮೇಲೆ ಬೆಳಿಗ್ಗೆ ಬೈಕ್ ಹಟ ಮಾಡಿದರೆ, ಟ್ಯಾಂಕಿನಲ್ಲಿ ನೀರಿದೆಯಾ ಎಂದು ನೋಡದೆ ಯಾವ ಪಾರ್ಟನ್ನೂ ಬದಲಿಸಲು ಬಿಡಬೇಡಿ. ಈ ಸಲ ನನಗೆ ಹತ್ತಿರ ಹತ್ತಿರ 5,000 ರೂಪಾಯಿ ಹೋಯಿತು. ಕೊನೆಗೆ ಬೇಕಾಗಿದ್ದದ್ದು ಒಂದು ತುಂಡು ತಂತಿ!

ನನ್ನದು ಹಳೆಯ 100 ಸಿಸಿ ಬೈಕ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವಂಥದ್ದು. ರಾತ್ರಿ ಜೋರು ಮಳೆ ಬಂದರೆ ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಇಲ್ಲ. ಹಿಡಿದ ಹಾಗೆ ಮಾಡಿ ಆಫ್. ಚೋಕ್ ಎಳೆದರೂ ಅದೇ ಕತೆ. ಪೇಟೆಯ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಮೊದಲು ಪ್ಲಗ್ ಹೋಗಿದೆ ಎಂದರು. ಆಮೇಲೆ ಬ್ಯಾಟರಿ ವೀಕ್ ಎಂದರು. ಸೆಲ್ಫ್ ಒತ್ತಿದರೆ ಇಂಜಿನ್ ಚೆನ್ನಾಗಿ ತಿರುಗುತ್ತಿದೆಯಲ್ಲ ಎಂದು ಕೇಳಿದೆ. "ಮಾಷ್ಟ್ರೇ, ನೀವು ಮಕ್ಕಳಿಗೆ ಕಲಿಸಿ, ಬೈಕ್ ನಮಗೆ ಬಿಡಿ" ಅಂದರು. ಕಡೆಗೆ ಕಾರ್ಬೊರೇಟರನ್ನೇ ಬದಲಿಸಿದರು. ಹಳೆಯದು ಕೇಳಿದರೆ ಗುಜರಿಗೆ ಹೋಯಿತಂತೆ.

ಪ್ರತಿ ಸಲ ಸ್ವಲ್ಪ ದಿನ ಬೈಕ್ ಸರಿಯಾಗಿಯೇ ಓಡುತ್ತಿತ್ತು. ಜನ ಮೋಸ ಹೋಗುವುದು ಇಲ್ಲೇ. ಏನೇ ಬದಲಿಸಿದರೂ ಜೊತೆಗೆ 'ಕಾರ್ಬೊರೇಟರ್ ಕ್ಲೀನಿಂಗ್' ಎಂದು ಬಿಲ್ಲಿಗೆ ಸೇರಿಸುತ್ತಿದ್ದರು. ಬಿಚ್ಚಿದಾಗ ಅದರ ತಳದ ಬಟ್ಟಲಲ್ಲಿ ನಿಂತ ನೀರು ಚೆಲ್ಲಿ ಹೋಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಹೆಸರು ಮಾತ್ರ ಹೊಸ ಪಾರ್ಟ್‌ಗೆ!

ಬದಿಯಡ್ಕದ ಹಳೆಯ ಮೆಕ್ಯಾನಿಕ್ ಒಬ್ಬರು ಬೇರೇನೂ ಬಿಚ್ಚಲಿಲ್ಲ. ಕಾರ್ಬೊರೇಟರಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಇಟ್ಟರು. ಸ್ವಲ್ಪ ಹೊತ್ತಿಗೆ ಅಡಿಯಲ್ಲಿ ನೀರು ಬೇರೆ, ಮೇಲೆ ಪೆಟ್ರೋಲ್ ಬೇರೆ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಪಕ್ಕದ ಸಣ್ಣ ತೂತು ತೋರಿಸಿದರು. ಮುಚ್ಚಳದ ಸುತ್ತ ನಿಂತ ಮಳೆನೀರು ಇಳಿದು ಪೈಪಿನಲ್ಲಿ ಹೊರಗೆ ಹೋಗುವ ದಾರಿ ಅದು. ನನ್ನ ಬೈಕ್ ನಿಲ್ಲುವುದು ಅಡಿಕೆ ತೋಟದ ಬದಿಯಲ್ಲಿ. ಬೇಸಿಗೆಯಲ್ಲಿ ಉದುರಿದ ಹಿಂಗಾರದ (ಅಡಿಕೆ ಹೂವಿನ) ಹುಡಿ ಆ ತೂತಿನಲ್ಲಿ ಗಟ್ಟಿಯಾಗಿ ಕೂತಿತ್ತು. ಹೊರಗೆ ಹೋಗಲು ದಾರಿಯಿಲ್ಲದ ನೀರು ಟ್ಯಾಂಕಿನೊಳಗೆ ಇಳಿಯುತ್ತಿತ್ತು.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಅದಕ್ಕೆ ನೀರು ಎಂದರೆ ಪ್ರೀತಿ. ಸ್ವಲ್ಪ ನೀರಾದರೆ ಬೆರೆತೇ ಇರುತ್ತದೆ, ಜಾಸ್ತಿಯಾದರೆ ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ರಿಸರ್ವಿಗೆ ಹಾಕಿದರೆ ಪೆಟ್ರೋಲ್ ಬರುವುದು ಆ ತಳದಿಂದಲೇ. ನಮ್ಮ ಕಡೆ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಪೆಟ್ರೋಲ್ ಅಗ್ಗ ಅಂತ ಅಲ್ಲಿಗೆ ಹೋಗುವವರೆಗೆ ರಿಸರ್ವಿನಲ್ಲೇ ಓಡಿಸುವವರು ಎಷ್ಟು ಜನ ಇಲ್ಲ, ಹೇಳಿ!

2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಬೈಕ್‌ಗಳಲ್ಲಿ ಸಾಮಾನ್ಯವಾಗಿ ಕಾರ್ಬೊರೇಟರ್ ಇಲ್ಲ, ಫ್ಯೂಯೆಲ್ ಇಂಜೆಕ್ಷನ್. ಅದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಮುಚ್ಚಳದ ಪಕ್ಕದ ಆ ತೂತನ್ನು ಮಾತ್ರ ಮಳೆಗೆ ಮೊದಲು ಸಣ್ಣ ತಂತಿಯಿಂದ ಬಿಡಿಸಿ ನೋಡಿ. ಹಳೆಯ ಬೈಕಿನವರು ಇಂಜಿನ್ ತಣಿದ ಮೇಲೆ, ಹತ್ತಿರ ಬೀಡಿ ಬೆಂಕಿ ಇಲ್ಲದಾಗ, ಬಾಟಲಿ ಪರೀಕ್ಷೆ ಮಾಡಿಸಿ. ವರ್ಕ್‌ಶಾಪಿನಲ್ಲಾದರೆ ನಿಮ್ಮ ಕಣ್ಣೆದುರೇ ಮಾಡಲಿ.

ಪಾರ್ಟ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ಹಳೆಯ ಬ್ಯಾಟರಿಗೂ ಬೆಲೆ ಇದೆ, ಅದನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ.