ಮೂರು ಕ್ವಿಜ್ ಕ್ಯಾಸೆಟ್, ಒಂದು ಸೂಪರ್ ನಿಂಟೆಂಡೊ

ಅಮೆರಿಕದಲ್ಲಿರುವ ಅಕ್ಕನ ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಹಳೆಯ ವಿಡಿಯೋ ಗೇಮ್ ಯಂತ್ರ, ಸೂಪರ್ ನಿಂಟೆಂಡೊ ಒಂದಿದೆ. ಜೊತೆಗೆ ಮೂರು ಕ್ಯಾಸೆಟ್: ಜೆಪರ್ಡಿ, ವೀಲ್ ಆಫ್ ಫಾರ್ಚೂನ್, ಫ್ಯಾಮಿಲಿ ಫ್ಯೂಡ್. ಮೂರೂ ಅಲ್ಲಿನ ಟಿವಿಯಲ್ಲಿ ಮನೆಮಾತಾದ ಶೋಗಳು. ಅವುಗಳ ಗೇಮ್ ತಂದಿದ್ದು ಗೇಮ್‌ಟೆಕ್ ಅನ್ನೋ ಕಂಪನಿ. ಮೊದಲೆರಡು 1992ರಲ್ಲಿ ಬಂದವು, ಮೂರನೆಯದು 1993ರಲ್ಲಿ. ರಜೆಗೆ ಹೋಗಿದ್ದಾಗ ಅಕ್ಕ, ಭಾವ, ನಾನು ಮೂರನ್ನೂ ಆಡಿ ನೋಡಿದೆವು.

ಟಿವಿಯಲ್ಲಾದರೆ ಉತ್ತರವನ್ನು ಬಾಯಲ್ಲಿ ಹೇಳಿದರೆ ಆಯಿತು. ಇಲ್ಲಿ ಕಂಟ್ರೋಲರ್ ಹಿಡಿದು ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಈ ಕಷ್ಟವನ್ನು ಯಾವ ಗೇಮ್ ಹೇಗೆ ಸಂಭಾಳಿಸುತ್ತದೆ ಅನ್ನೋದರ ಮೇಲೇ ಎಲ್ಲ ನಿಂತಿದೆ.

ಜೆಪರ್ಡಿ ನನಗೆ ತುಂಬಾ ಇಷ್ಟದ ಶೋ. ಸುಳಿವನ್ನು ಅವರು ಉತ್ತರದ ರೂಪದಲ್ಲಿ ಕೊಡುತ್ತಾರೆ, ನಾವು ಪ್ರಶ್ನೆಯಾಗಿ ಹೇಳಬೇಕು. ತಪ್ಪಿದರೆ ಗಳಿಸಿದ ದುಡ್ಡೂ ಕಡಿಮೆಯಾಗುತ್ತದೆ. ಗೇಮ್‌ನಲ್ಲೂ ಆ ಬಿಸಿ ಇದೆ. ಆದರೆ ಒಮ್ಮೆ ಫಿಲಡೆಲ್ಫಿಯಾ ಅಂತ ಬರೆಯಬೇಕಾಯಿತು. ಇಂಗ್ಲಿಷ್‌ನಲ್ಲಿ ಹನ್ನೆರಡು ಅಕ್ಷರ! ಎರಡು ಕಡೆ 'ಫ' ಸದ್ದಿಗೆ ಪಿ, ಎಚ್ ಎರಡೂ ಬೇಕು. ಎಲ್ಲ ಗೊತ್ತಿತ್ತು. ಎರಡನೇ ಪಿ ಹತ್ತಿರ ಹೋಗುವಷ್ಟರಲ್ಲಿ ಸಮಯ ಮುಗಿಯಿತು. ಗೊತ್ತಿದ್ದೂ ಸೋತಾಗ ಹೊಟ್ಟೆ ಉರಿಯುತ್ತೆ ಅಲ್ವಾ?

ಫ್ಯಾಮಿಲಿ ಫ್ಯೂಡ್‌ನಲ್ಲಿ ಸರಿ ಉತ್ತರ ಅನ್ನೋದೇ ಬೇರೆ. ನೂರು ಜನರನ್ನು ಕೇಳಿದಾಗ ಜಾಸ್ತಿ ಜನ ಏನಂದರು ಅಂತ ಊಹಿಸಬೇಕು. ಬೆಳಗ್ಗೆ ಎದ್ದು ಮೊದಲು ಏನು ಮಾಡ್ತೀರಿ ಅನ್ನೋ ಥರದ ಪ್ರಶ್ನೆಗಳು. ಅಲ್ಲೇ ಇಪ್ಪತ್ತು ವರ್ಷ ಬಾಳಿದ ಅಕ್ಕ ಇದರಲ್ಲಿ ನಮ್ಮಿಬ್ಬರನ್ನೂ ಹಿಂದೆ ಹಾಕಿದಳು. ಇಲ್ಲೂ ಬರೆಯಲೇಬೇಕು, ಆದರೆ ಗೇಮ್ ಬಹಳ ಸಡಿಲ. ಬೇಕಾದ ಅಕ್ಷರಗಳು ಅದೇ ಕ್ರಮದಲ್ಲಿದ್ದರೆ ನಡುವೆ ಬೇರೆ ಅಕ್ಷರ ಸೇರಿಕೊಂಡರೂ ಒಪ್ಪಿಕೊಳ್ಳುತ್ತದೆ. ಭಾವ ಸುಮ್ನೆ ಏನೇನೋ ತುರುಕಿ ಬರೆದು ಅಂಕ ಗಿಟ್ಟಿಸಿದರು. ನಕ್ಕು ನಕ್ಕು ಸಾಕಾಯಿತು. ಮನೆ ತುಂಬ ಜನ ಇದ್ದಾಗ ಇದನ್ನೇ ಹಾಕಿ. ಒಬ್ಬರೇ ಕೂತು ಆಡುವುದಕ್ಕೆ ಮಾತ್ರ ಸಪ್ಪೆ.

ನನ್ನ ಆಯ್ಕೆ ವೀಲ್ ಆಫ್ ಫಾರ್ಚೂನ್. ಟಿವಿಯಲ್ಲೂ ಇದು ಅಕ್ಷರದ್ದೇ ಆಟ: ಖಾಲಿ ಮನೆಗಳ ಹಿಂದೆ ಅಡಗಿದ ಪದಗಳನ್ನು ಊಹಿಸಬೇಕು. ಚಕ್ರ ತಿರುಗಿಸು, ಒಂದು ವ್ಯಂಜನ ಹೇಳು, ಸ್ವರ ಬೇಕಿದ್ದರೆ 250 ಡಾಲರ್ ಕೊಟ್ಟು ಕೊಂಡುಕೋ. ಒಂದು ಸಲಕ್ಕೆ ಒಂದೇ ಅಕ್ಷರ ಆರಿಸುವುದರಿಂದ ಕಂಟ್ರೋಲರ್ ಭಾರ ಅನ್ನಿಸುವುದೇ ಇಲ್ಲ. ಪೂರ್ತಿ ಉತ್ತರ ಬರೆಯುವಾಗಲೂ ಖಾಲಿ ಮನೆಗಳು ಎದುರಿಗೇ ಇರುತ್ತವೆ. ಎಷ್ಟು ಅಕ್ಷರ ಉಳಿದಿದೆ ಅಂತ ಎಣಿಸಿಕೊಂಡರೆ ಸ್ಪೆಲಿಂಗ್ ತಾನಾಗಿ ಹೊಳೆಯುತ್ತದೆ. ಅಮೆರಿಕದ ಸುದ್ದಿ, ಇತಿಹಾಸ ಅಷ್ಟಾಗಿ ಗೊತ್ತಿಲ್ಲದ ನನ್ನಂಥವರಿಗೂ ಇದರಲ್ಲಿ ಗೆಲ್ಲುವ ಆಸೆ ಇರುತ್ತೆ.

ನಮ್ಮ ಕನ್ನಡದ ಕೋಟ್ಯಧಿಪತಿಯ ಮೂಲ ಶೋ ಕೂಡ 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂತು. ನಾಲ್ಕು ಆಯ್ಕೆಯಲ್ಲಿ ಒಂದನ್ನು ಒತ್ತಿದರಾಯಿತು, ಬರೆಯುವ ಗೋಜೇ ಇಲ್ಲ. ಆದರೆ ವೀಲ್ ಆಫ್ ಫಾರ್ಚೂನ್‌ನಲ್ಲಿ ಚಕ್ರ ನಿಧಾನವಾಗುತ್ತಾ ಬಂದು, ದೊಡ್ಡ ಮೊತ್ತ ದಾಟಿ, ಗಳಿಸಿದ ದುಡ್ಡನ್ನೆಲ್ಲ ಕಳೆಯುವ ದಿವಾಳಿ ಮನೆಯ ಹತ್ತಿರ ತೆವಳುವಾಗ ಮೂವರೂ ಸೋಫಾದಿಂದ ಎದ್ದು ನಿಂತಿದ್ದೆವು.