ಶ್ರೀಪಾದದ ಮೆಟ್ಟಿಲಿಗೆ ಬೂಟೋ, ಸಂತೆಯ ಕ್ಯಾನ್ವಾಸೋ?

ಶ್ರೀಲಂಕೆಯ ಶ್ರೀಪಾದ ಬೆಟ್ಟವನ್ನು ಹತ್ತಿಳಿದು ಕೊಡಗಿಗೆ ಮರಳಿ ಮೂರು ವಾರವಾದರೂ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿಯೇ ಇದೆ. ಅದಕ್ಕೆ ಕಾರಣವಾದ 7,200 ರೂಪಾಯಿಯ ಚಾರಣದ ಬೂಟು ಜಗಲಿಯ ಮೂಲೆಯಲ್ಲಿದೆ. ವಿರಾಜಪೇಟೆಯ ಸಂತೆಯಲ್ಲಿ 650 ರೂಪಾಯಿಗೆ ಕೊಂಡ ಕ್ಯಾನ್ವಾಸ್ ಶೂ ಮಾತ್ರ ದಿನವೂ ನನ್ನೊಡನೆ ತೋಟಕ್ಕೆ ಬರುತ್ತಿದೆ.

ಹೊರಡುವ ಮುನ್ನ ಎರಡನ್ನೂ ನಮ್ಮ ಕೊಡಗಿನ ತಡಿಯಂಡಮೋಳು ಬೆಟ್ಟದಲ್ಲಿ ಪರೀಕ್ಷಿಸಿದ್ದೆ. ನಾಲ್ಕುನಾಡು ಅರಮನೆಯ ಕಡೆಯಿಂದ 1,748 ಮೀಟರಿನ ತುದಿಯವರೆಗೆ ಬೂಟು ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದಿತ್ತು, ಕ್ಯಾನ್ವಾಸಿನ ತೆಳು ಅಟ್ಟೆಯ ಮೂಲಕ ಒಂದೊಂದು ಬೇರೂ ಕಲ್ಲೂ ಪಾದಕ್ಕೆ ಒತ್ತುತ್ತಿತ್ತು. ಆ ದಿನ ಗೆದ್ದದ್ದು ಬೂಟು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ನಮ್ಮ ಬೆಟ್ಟದ ಇಳಿಜಾರಿನಲ್ಲಿ ಮಣ್ಣು ಪಾದಕ್ಕೆ ತಕ್ಕಷ್ಟು ಬಗ್ಗಿಕೊಡುತ್ತದೆ, ಮೆಟ್ಟಿಲು ಹಾಗೆ ಬಗ್ಗುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. 2,243 ಮೀಟರ್ ಎತ್ತರದ ಶ್ರೀಪಾದಕ್ಕೆ ನಲ್ಲತನ್ನಿಯ ಕಡೆಯಿಂದ ಹೋದರೆ 5,000ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಸೂರ್ಯೋದಯಕ್ಕೆಂದು ರಾತ್ರಿಯೇ ಹತ್ತಿದ್ದರಿಂದ ಏರುವಾಗ ಬೂಟಿನ ಮೇಲೆ ಯಾವ ದೂರೂ ಇರಲಿಲ್ಲ. ಬೆಳಗಾದ ಮೇಲೆ ಇಳಿಯತೊಡಗಿದಾಗ ಪ್ರತಿ ಮೆಟ್ಟಿಲಿಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಗಟ್ಟಿ ಮೂತಿಗೆ ಬಡಿಯತೊಡಗಿತು. ಮೊದಲ ಕೆಲವು ನೂರು ಮೆಟ್ಟಿಲುಗಳಲ್ಲಿ ಅದು ಬರೀ ಕಿರಿಕಿರಿಯಾಗಿತ್ತು, ಆಮೇಲೆ ಉಗುರಿನ ಬುಡದಲ್ಲಿ ಸುತ್ತಿಗೆ ಹೊಡೆದಂತಾಯಿತು.

ತಪ್ಪು ಬೂಟಿನದಷ್ಟೇ ಅಲ್ಲ. ನಾನು ಅದನ್ನು ಬೆಳಗಿನ ಹೊತ್ತು ತೆಳುವಾದ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ ಕೊಂಡಿದ್ದೆ. ಗಂಟೆಗಟ್ಟಲೆ ನಡೆದ ಕಾಲು ಊದಿಕೊಳ್ಳುತ್ತದೆ, ಆದ್ದರಿಂದ ಸಂಜೆ, ದಪ್ಪ ಕಾಲುಚೀಲದೊಂದಿಗೆ, ಬೆರಳ ಮುಂದೆ ಹೆಬ್ಬೆರಳಗಲದ ಜಾಗ ಬಿಟ್ಟು ಕೊಳ್ಳಬೇಕಿತ್ತು. ಹಿಮ್ಮಡಿಯ ಬಳಿ ದಾರವನ್ನು ಎರಡು ಸುತ್ತು ಬಿಗಿದಾಗ ಜಾರುವುದು ಸ್ವಲ್ಪ ಕಡಿಮೆಯಾಯಿತು, ನೋವು ಮಾತ್ರ ಹಾಗೇ ಉಳಿಯಿತು. ಕೊನೆಗೆ ಚಹಾದಂಗಡಿಯೊಂದರ ಬೆಂಚಿನ ಮೇಲೆ ಕೂತು ಚೀಲದಲ್ಲಿದ್ದ ಕ್ಯಾನ್ವಾಸ್ ತೆಗೆದು ಹಾಕಿಕೊಂಡೆ. ಅದರ ಮೆತ್ತನೆಯ ಮೂತಿ ಬೆರಳಿಗೆ ಸೋಕಿದರೂ ಬಡಿಯಲಿಲ್ಲ. ಉಳಿದ ಅರ್ಧ ದಾರಿಯನ್ನು ನಾನು ಮನುಷ್ಯನಂತೆ ಇಳಿದೆ.

ತುದಿಯ ಗುಡಿಯ ಬಳಿ ಪಾದರಕ್ಷೆ ಬಿಚ್ಚಲೇಬೇಕು. ಚಳಿಗೆ ಮರಗಟ್ಟಿದ ಬೆರಳುಗಳಿಂದ ಬೂಟಿನ ಕೊಕ್ಕೆಗಳಿಗೆ ಸುತ್ತಿದ ದಾರ ಬಿಡಿಸುವಷ್ಟರಲ್ಲಿ ಹಿಂದಿದ್ದವರೆಲ್ಲ ನನ್ನನ್ನು ದಾಟಿ ಹೋಗಿದ್ದರು.

ನೀರಿನ ವಿಷಯದಲ್ಲಿ ಬೂಟು ತೊರೆಯ ಅಂಚಿನವರೆಗೆ ಒಳ್ಳೆಯದು, ಕಣಕಾಲಿನ ಮೇಲಿಂದ ನೀರು ಒಳಗಿಳಿಯಿತೆಂದರೆ ಅದು ಹೊರಬರುವ ದಾರಿಯೇ ಇಲ್ಲ. ಕ್ಯಾನ್ವಾಸ್ ಬೇಗ ನೆನೆಯುತ್ತದೆ, ಒಲೆಯ ಪಕ್ಕ ಒಂದು ರಾತ್ರಿಯಲ್ಲಿ ಒಣಗುತ್ತದೆ. ರಕ್ತ ಹೀರುವ ಇಂಬಳಕ್ಕೆ ಎರಡೂ ಒಂದೇ.

ಬೆನ್ನಿಗೆ ಹದಿನೈದು ಕಿಲೋ ಹೊರೆ ಹೊತ್ತು ದಿನಗಟ್ಟಲೆ ನಡೆಯುವವರು ಬೂಟನ್ನೇ ಕೊಳ್ಳಲಿ. ನಾನು ವರ್ಷಕ್ಕೊಮ್ಮೆ, ಕಾಫಿ ಕೊಯ್ಲು ಮುಗಿದ ಮೇಲೆ ಬೆಟ್ಟ ಹತ್ತುವವನು; ಉಳಿದ ದಿನ ಕೆಸರಿನ ತೋಟದಲ್ಲಿರುವವನು. ಒಂದು ಜೊತೆ ಬೂಟಿನ ಬೆಲೆಗೆ ಹನ್ನೊಂದು ಜೊತೆ ಕ್ಯಾನ್ವಾಸ್ ಬರುತ್ತವೆ. ನನಗಿಂತ ಒಂದು ಅಳತೆ ಚಿಕ್ಕ ಕಾಲಿನ ಭಾವಮೈದುನ ಈ ಭಾನುವಾರ ಬಂದು ಬೂಟನ್ನು ಒಯ್ಯುತ್ತಾನೆ. ಅವನು ತಡಿಯಂಡಮೋಳು ಬಿಟ್ಟು ಬೇರೆಲ್ಲೂ ಹೋಗುವವನಲ್ಲ.