ಲೈಫ್ ಇನ್ ದ ಯುಕೆ ಪರೀಕ್ಷೆಗೆ ಅಭ್ಯಾಸದ ಆ್ಯಪ್: ಹದಿನಾರು ತಿಂಗಳು ಬಳಸಿದ ಮೇಲೆ

ಈ ಆ್ಯಪ್ ಹಾಕಿಕೊಂಡು ಹದಿನಾರು ತಿಂಗಳಾಯಿತು. ಮೊದಲು ನಾನು ಬಳಸಿದೆ, ಆಮೇಲೆ ನನ್ನ ಹೆಂಡತಿ, ಈಗ ಮಗಳು ಬಳಸುತ್ತಿದ್ದಾಳೆ. ಹೆಸರು ಬೇಕಂತಲೇ ಹಾಕಿಲ್ಲ. ಇಂಥವು ಹತ್ತಾರು ಇವೆ. ನಾನು ನೋಡಿದ ನಾಲ್ಕೈದರಲ್ಲಿ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ, ಬಣ್ಣ ಮಾತ್ರ ಬೇರೆ. ಹಾಗಾಗಿ ನೀವು ಯಾವುದನ್ನು ತೆಗೆದುಕೊಂಡರೂ ಈ ಅನುಭವ ಉಪಯೋಗಕ್ಕೆ ಬರಬಹುದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಬ್ರಿಟನ್ನಿನಲ್ಲಿ ಕಾಯಂ ಆಗಿ ನೆಲೆಸಲು ಐಎಲ್‌ಆರ್ (ಇನ್‌ಡೆಫಿನಿಟ್ ಲೀವ್ ಟು ರಿಮೇನ್, ಅಂದರೆ ಕಾಯಂ ವಾಸದ ಅನುಮತಿ) ಬೇಕಾದರೂ, ಪೌರತ್ವ ಬೇಕಾದರೂ, 18ರಿಂದ 64 ವಯಸ್ಸಿನವರು ಸಾಮಾನ್ಯವಾಗಿ ಈ ಪರೀಕ್ಷೆ ಪಾಸಾಗಬೇಕು. 24 ಪ್ರಶ್ನೆ, 45 ನಿಮಿಷ, ಪಾಸಾಗಲು 18 ಸರಿ ಇರಬೇಕು. ಶುಲ್ಕ 50 ಪೌಂಡ್. ಫೇಲಾದರೆ ಏಳು ದಿನ ಕಾಯಬೇಕು, ಮತ್ತೆ 50 ಪೌಂಡ್ ಕಟ್ಟಬೇಕು. ಒಮ್ಮೆ ಪಾಸಾದರೆ ಸಾಕು, ಐಎಲ್‌ಆರ್‌ಗೆ ತೋರಿಸಿದ್ದೇ ಪೌರತ್ವಕ್ಕೂ ನಡೆಯುತ್ತದೆ. ಪರೀಕ್ಷೆ ಮೊದಲು ಜಾರಿಗೆ ಬಂದದ್ದು 2005ರ ನವೆಂಬರ್ 1ರಂದು. ನಮ್ಮ ರಾಜ್ಯೋತ್ಸವದ ದಿನವೇ ಅಂತ ಓದಿದಾಗ ನನಗೆ ಯಾಕೋ ಸಮಾಧಾನವಾಯಿತು.

ನಾನು ಮೊದಲ ಸಲ ಫೇಲಾದೆ. ಈ ವಿಮರ್ಶೆ ಬರೆಯಲು ಅದೇ ಕಾರಣ.

ಆ್ಯಪ್‌ನಲ್ಲಿ ನನಗೆ 24ಕ್ಕೆ 23 ಬರುತ್ತಿತ್ತು. ಒಂದು ದಿನ ಅಲ್ಲ, ಎರಡು ವಾರ ಸತತವಾಗಿ. ಬೆಳಿಗ್ಗೆ ರೈಲಿನಲ್ಲಿ ಎರಡು ಪರೀಕ್ಷೆ, ಸಂಜೆ ವಾಪಸ್ ಬರುವಾಗ ಎರಡು. ಪ್ರತಿ ಸಲ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ‘ನೀವು ಸಿದ್ಧರಿದ್ದೀರಿ’ ಅಂತ ಬರುತ್ತಿತ್ತು. ನಂಬಿದೆ. ಪುಸ್ತಕವನ್ನು ಒಂದು ಸಲ ತಿರುವಿಹಾಕಿದ್ದೆ ಅಷ್ಟೆ. ಪರೀಕ್ಷಾ ಕೇಂದ್ರದಲ್ಲಿ ಮೊದಲ ಪ್ರಶ್ನೆ ನೋಡಿದಾಗಲೇ ಎದೆ ಧಸಕ್ಕೆಂದಿತು. ವಿಷಯ ಗೊತ್ತಿದ್ದದ್ದೇ, ಆದರೆ ಪ್ರಶ್ನೆ ಬೇರೆ ಕಡೆಯಿಂದ ಬಂದಿತ್ತು. ಆ್ಯಪ್ ‘ಬೋಸ್‌ವರ್ತ್ ಕದನ ಯಾವಾಗ ನಡೆಯಿತು’ ಅಂತ ಕೇಳುತ್ತದೆ, ನಾನು 1485 ಅಂತ ಒತ್ತುತ್ತೇನೆ. ಅದೇ ವಿಷಯವನ್ನು ‘ಆ ಕದನದಿಂದ ಕೊನೆಗೊಂಡದ್ದು ಏನು’ ಅಂತ ತಿರುಗಿಸಿದರೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಇಂಗ್ಲೆಂಡಿನ ಪಟ್ಟಕ್ಕಾಗಿ ನಡೆದ ರೋಸಸ್ ಯುದ್ಧ ಮುಗಿದದ್ದು, ರಾಜ ಮೂರನೇ ರಿಚರ್ಡ್ ಸತ್ತದ್ದು, ಟ್ಯೂಡರ್ ಮನೆತನ ಶುರುವಾದದ್ದು, ಇದೆಲ್ಲ ಪುಸ್ತಕದಲ್ಲಿತ್ತು. ನನಗೆ ಬರೀ ಅಂಕಿ ಗೊತ್ತಿತ್ತು.

ಮನೆಗೆ ಬಂದು ಆ್ಯಪ್ ತೆರೆದು ನಿಧಾನವಾಗಿ ನೋಡಿದೆ. ಆಗ ಅರ್ಥವಾಯಿತು. ಅದರಲ್ಲಿ ಇದ್ದದ್ದು 20 ಪ್ರಶ್ನೆಪತ್ರಿಕೆ, ಅಂದರೆ 480 ಪ್ರಶ್ನೆ. ಉತ್ತರಗಳ ಜಾಗವೂ ಬದಲಾಗುತ್ತಿರಲಿಲ್ಲ. ಮೂರನೇ ಸುತ್ತಿನಿಂದ ಆಚೆಗೆ ನಾನು ಪ್ರಶ್ನೆ ಓದುತ್ತಲೇ ಇರಲಿಲ್ಲ. ಮೊದಲೆರಡು ಪದ ಕಂಡರೆ ಬೆರಳು ತಾನಾಗಿ ಮೂರನೇ ಸಾಲಿಗೆ ಹೋಗುತ್ತಿತ್ತು. ನನ್ನ ಅಂಕ ಏರುತ್ತಿದ್ದದ್ದು ನಿಜ, ಕಲಿಕೆ ಏರುತ್ತಿರಲಿಲ್ಲ. ಆ್ಯಪ್ ಇದನ್ನು ಎಲ್ಲೂ ಎಚ್ಚರಿಸುವುದಿಲ್ಲ. ಎಂಟನೇ ಸಲ ಅದೇ ಪತ್ರಿಕೆ ಬರೆದವನಿಗೂ, ಮೊದಲ ಸಲ ಬರೆದವನಿಗೂ ಅದೇ ಹಸಿರು ಬಣ್ಣ. ಇದು ಸಣ್ಣ ದೋಷ ಅಂತ ನನಗೆ ಅನ್ನಿಸುವುದಿಲ್ಲ. ಜನ ಅದನ್ನು ನಂಬಿ 50 ಪೌಂಡ್ ಕಟ್ಟುತ್ತಾರೆ, ವೀಸಾ ಮುಗಿಯುವ ತಾರೀಖು ತಲೆಯ ಮೇಲಿರುತ್ತದೆ, ಕೆಲಸಕ್ಕೆ ರಜೆ ಹಾಕಿ ಹೋಗಿರುತ್ತಾರೆ.

ಎರಡನೇ ಪರೀಕ್ಷೆಗೆ ನಾನು ಐದು ವಾರ ತೆಗೆದುಕೊಂಡೆ. ಮೊದಲು ಆ್ಯಪ್ ಮುಚ್ಚಿಟ್ಟೆ. ‘ಲೈಫ್ ಇನ್ ದ ಯುನೈಟೆಡ್ ಕಿಂಗ್‌ಡಮ್: ಎ ಗೈಡ್ ಫಾರ್ ನ್ಯೂ ರೆಸಿಡೆಂಟ್ಸ್’ ಅಂತ ಅಧಿಕೃತ ಕೈಪಿಡಿ ಇದೆ, 2013ರಲ್ಲಿ ಬಂದ ಮೂರನೇ ಆವೃತ್ತಿ. ಪ್ರಶ್ನೆಗಳೆಲ್ಲ ಅದರಿಂದಲೇ. ಐದು ಅಧ್ಯಾಯ. ನನಗೆ ಕಷ್ಟ ಕೊಟ್ಟದ್ದು ಮೂರನೆಯದು, ಇತಿಹಾಸದ್ದು. ಕಲ್ಲಿನ ಯುಗದಿಂದ ಇಲ್ಲಿಯವರೆಗೆ ಓಡುತ್ತದೆ, ಇಸವಿಗಳ ಮಳೆ.

ಇಸವಿ ನೆನಪಿಡಲು ನಾನು ಒಂದು ದಾರಿ ಕಂಡುಕೊಂಡೆ. ಕನ್ನಡದವರಿಗೆ ಇದು ನಿಜವಾಗಿ ಕೆಲಸ ಮಾಡುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ತಲೆಯಲ್ಲಿ ಶಾಲೆಯಿಂದಲೇ ಕೆಲವು ಇಸವಿಗಳು ಗಟ್ಟಿಯಾಗಿ ಕೂತಿವೆ. ಹೊಸದನ್ನು ಅವಕ್ಕೆ ಕಟ್ಟಬೇಕು. ಎಂಟನೇ ಹೆನ್ರಿ ಪಟ್ಟಕ್ಕೆ ಬಂದದ್ದು 1509. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ 1509! ಇದು ಹೊಳೆದ ಮೇಲೆ ನಾನು ಆ ಇಸವಿಯನ್ನು ಒಮ್ಮೆಯೂ ತಪ್ಪಿಲ್ಲ. ಶೇಕ್ಸ್‌ಪಿಯರ್ ಹುಟ್ಟಿದ್ದು 1564, ತಾಳಿಕೋಟೆ ಯುದ್ಧಕ್ಕೆ ಒಂದು ವರ್ಷ ಮುಂಚೆ. ಬ್ರಿಟನ್ನಿಗೆ ‘ಬ್ಲ್ಯಾಕ್ ಡೆತ್’ ಅನ್ನುವ ಮಹಾಮಾರಿ ಬಂದದ್ದು 1348, ವಿಜಯನಗರ ಶುರುವಾಗಿ ಹನ್ನೆರಡು ವರ್ಷಕ್ಕೆ. ಇನ್ನು ವಾಟರ್‌ಲೂ. 1815ರಲ್ಲಿ ಅಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್ ಯಾರು? 1799ರಲ್ಲಿ ಟಿಪ್ಪು ಸತ್ತಾಗ ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ. ಹದಿನಾರು ವರ್ಷದ ಅಂತರ. ಕೈಪಿಡಿಯಲ್ಲಿ ಅವನನ್ನು ‘ಐರನ್ ಡ್ಯೂಕ್’ ಅಂತ ಕರೆಯುತ್ತಾರೆ, ಮುಂದೆ ಪ್ರಧಾನಿಯಾದ ಅಂತಲೂ ಇದೆ. ಶ್ರೀರಂಗಪಟ್ಟಣ ನೋಡಿದವರಿಗೆ ಅವನು ಬರೀ ಹೆಸರಾಗಿ ಉಳಿಯುವುದಿಲ್ಲ.

ಹೀಗೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿಕೊಂಡೆ. ಎಡಕ್ಕೆ ಬ್ರಿಟನ್ನಿನದು, ಬಲಕ್ಕೆ ನಮ್ಮ ಕಡೆಯದು. ಭಾನುವಾರ ಆ ನೋಟ್‌ಬುಕ್ ಹಿಡಿದುಕೊಂಡು ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗುತ್ತಿದ್ದೆ. 2015ರಲ್ಲಿ ಅನಾವರಣವಾದ ಬಸವೇಶ್ವರರ ಪ್ರತಿಮೆ ಅಲ್ಲೇ, ಥೇಮ್ಸ್ ದಂಡೆಯಲ್ಲಿದೆ. ಹತ್ತಿರದ ಬೆಂಚಿನಲ್ಲಿ ಕೂತರೆ ನದಿಯಾಚೆ ಪಾರ್ಲಿಮೆಂಟ್ ಕಾಣುತ್ತದೆ. ಹೌಸ್ ಆಫ್ ಕಾಮನ್ಸ್, ಹೌಸ್ ಆಫ್ ಲಾರ್ಡ್ಸ್, ಸ್ಪೀಕರ್ ಆಯ್ಕೆ ಹೇಗೆ, ಇದೆಲ್ಲ ಓದಲು ನನಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ.

ಕೈಪಿಡಿ ಓದುವಾಗ ಖುಷಿ ಕೊಟ್ಟ ಪುಟವೂ ಇತ್ತು, ನೋವು ಕೊಟ್ಟ ಪುಟವೂ ಇತ್ತು. ಖುಷಿ ಕೊಟ್ಟದ್ದು ಸೇಕ್ ದೀನ್ ಮಹೊಮೆತ್ ಅನ್ನುವವನ ಕಥೆ. 1759ರಲ್ಲಿ ಹುಟ್ಟಿ, ಬಂಗಾಳದ ಕಡೆ ಬೆಳೆದು, ಸೈನ್ಯದಲ್ಲಿದ್ದು, ಇಲ್ಲಿಗೆ ಬಂದವನು. ಐರ್ಲೆಂಡಿನ ಜೇನ್ ಡೇಲಿ ಅನ್ನುವ ಹುಡುಗಿಯ ಜೊತೆ ಓಡಿಹೋಗಿ ಮದುವೆಯಾದ. 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ. ಬ್ರಿಟನ್ನಿನ ಮೊದಲ ‘ಕರಿ ಹೌಸ್’, ಅಂದರೆ ಭಾರತೀಯ ಊಟದ ಹೋಟೆಲು, ಅದೇ. ತಲೆಗೆ ಮಾಲೀಶು ಮಾಡುವ ನಮ್ಮ ಪದ್ಧತಿಯನ್ನೂ ‘ಶಾಂಪೂಯಿಂಗ್’ ಅಂತ ಗಂಡಹೆಂಡತಿ ಇಲ್ಲಿ ಪರಿಚಯಿಸಿದರು. ಆ್ಯಪ್ ಇವನ ಬಗ್ಗೆ ಕೇಳುವುದು ಇಸವಿ ಮಾತ್ರ. ಅವನ ಬದುಕು ಆ್ಯಪ್‌ನಲ್ಲಿ ಇಲ್ಲ.

ನೋವು ಕೊಟ್ಟದ್ದು ಸಾಮ್ರಾಜ್ಯದ ಭಾಗ. ಸಾಮ್ರಾಜ್ಯದಿಂದ ಕಾಮನ್‌ವೆಲ್ತ್‌ಗೆ ಬದಲಾವಣೆ ಬಹುಮಟ್ಟಿಗೆ ಕ್ರಮಬದ್ಧವಾಗಿ ಆಯಿತು, ದೇಶಗಳಿಗೆ ಸ್ವಾತಂತ್ರ್ಯ ಕೊಡಲಾಯಿತು ಅನ್ನುವ ಅರ್ಥದ ಮಾತು ಅಲ್ಲಿದೆ. ನಮ್ಮಜ್ಜಿಯ ತವರು ಶಿಕಾರಿಪುರದ ಕಡೆ. ಈಸೂರಿನ ಮಾತು ಬಂದರೆ ಅವಳ ದನಿ ಬದಲಾಗುತ್ತಿತ್ತು. 1942ರಲ್ಲಿ ಆ ಊರು ತಾನು ಸ್ವತಂತ್ರ ಅಂತ ಸಾರಿತು, ಮರುವರ್ಷ ಐವರು ಗಲ್ಲಿಗೆ ಹೋದರು. ದೇಶ ವಿಭಜನೆಯ ರಕ್ತದ ಮಾತು ಬೇರೆ. ‘ಕೊಡಲಾಯಿತು’ ಅನ್ನುವ ಪದವನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಆ್ಯಪ್ ಅದನ್ನು ಸರಿಯೋ ತಪ್ಪೋ ಅಂತ ಕೇಳುವ ಪ್ರಶ್ನೆ ಮಾಡಿತ್ತು. ‘ಸರಿ’ ಒತ್ತಿದರೆ ಅಂಕ. ಒತ್ತಿದೆ. ಪರೀಕ್ಷೆ ಕೇಳುವುದು ಪುಸ್ತಕದಲ್ಲಿ ಏನಿದೆ ಅಂತ, ನನಗೇನು ಗೊತ್ತಿದೆ ಅಂತ ಅಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಬೇಕಾಯಿತು. ಈ ಅಧ್ಯಾಯದ ಬಗ್ಗೆ ಇಲ್ಲಿನ ನೂರಕ್ಕೂ ಹೆಚ್ಚು ಇತಿಹಾಸಕಾರರು 2020ರಲ್ಲಿ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದ್ದಾರೆ. 2022ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೂ ಕೈಪಿಡಿ ಬದಲಾಗಬೇಕು ಅಂತ ಹೇಳಿತು. ನನಗೊಬ್ಬನಿಗೇ ಹೀಗೆ ಅನ್ನಿಸಿದ್ದಲ್ಲ ಅಂತ ತಿಳಿದು ಮನಸ್ಸು ಸ್ವಲ್ಪ ಹಗುರವಾಯಿತು.

ಇನ್ನೊಂದು ಪುಟ ಬೇರೆ ರೀತಿಯಲ್ಲಿ ಬೆಚ್ಚಿಬೀಳಿಸಿತು. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಹಾಕಬಹುದು. ಅಂದರೆ ಭಾರತದ ಪಾಸ್‌ಪೋರ್ಟ್ ಇದ್ದಾಗಲೂ! ನಾಲ್ಕು ವರ್ಷ ಇಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅದೇ ವಾರ ಇಬ್ಬರೂ ಮತದಾರರ ಪಟ್ಟಿಗೆ ಹೆಸರು ಸೇರಿಸಿದೆವು.

ಆ್ಯಪ್‌ಗೆ ವಾಪಸ್ ಬರೋಣ. ಪುಸ್ತಕ ಎರಡು ಸಲ ಮುಗಿಸಿದ ಮೇಲೆ ಅದನ್ನು ಮತ್ತೆ ತೆರೆದೆ. ಈ ಸಲ ಉತ್ತರದ ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿಕೊಂಡು, ಬಾಯಿಬಿಟ್ಟು ಉತ್ತರ ಹೇಳಿ, ಆಮೇಲೆ ಕೈ ತೆಗೆಯುತ್ತಿದ್ದೆ. ಮೊದಲ ದಿನ 24ಕ್ಕೆ 15 ಬಂತು. ಹಿಂದೆ 23 ತೆಗೆದಿದ್ದ ಅದೇ ಪತ್ರಿಕೆ! ಆದರೆ ಆ 15 ನಿಜವಾದದ್ದು. ತಪ್ಪಾದದ್ದನ್ನೆಲ್ಲ ಪುಸ್ತಕದಲ್ಲಿ ಹುಡುಕಿ, ಆ ಸಾಲಿನ ಹಿಂದುಮುಂದಿನ ಪ್ಯಾರಾ ಓದಿದೆ. ಹೀಗೆ ಬಳಸಿದರೆ ಆ್ಯಪ್ ತುಂಬ ಒಳ್ಳೆಯದು, ಇದನ್ನು ಮನಸಾರೆ ಹೇಳುತ್ತೇನೆ. ಎಲ್ಲಿ ಟೊಳ್ಳು ಇದೆ ಅಂತ ಹತ್ತು ನಿಮಿಷದಲ್ಲಿ ತೋರಿಸುತ್ತದೆ. ನನಗೆ ಸಂತರ ದಿನಗಳೇ ಕಲಸಿಹೋಗಿದ್ದವು. ವೇಲ್ಸ್‌ನ ಡೇವಿಡ್ ಮಾರ್ಚ್ 1, ಉತ್ತರ ಐರ್ಲೆಂಡಿನ ಪ್ಯಾಟ್ರಿಕ್ ಮಾರ್ಚ್ 17, ಇಂಗ್ಲೆಂಡಿನ ಜಾರ್ಜ್ ಏಪ್ರಿಲ್ 23, ಸ್ಕಾಟ್ಲೆಂಡಿನ ಆಂಡ್ರ್ಯೂ ನವೆಂಬರ್ 30. ಆ್ಯಪ್ ಇಲ್ಲದಿದ್ದರೆ ಈ ಗೊಂದಲ ನನಗೆ ತಿಳಿಯುತ್ತಲೇ ಇರಲಿಲ್ಲ.

‘ಎರಡು ಸರಿ ಉತ್ತರ ಆರಿಸಿ’ ಅನ್ನುವ ಪ್ರಶ್ನೆಗಳನ್ನು ಜಾಸ್ತಿ ಅಭ್ಯಾಸ ಮಾಡಿ. ಎರಡೂ ಸರಿ ಇದ್ದರೆ ಮಾತ್ರ ಅಂಕ. ಹೆನ್ರಿಯ ಆರು ಹೆಂಡತಿಯರಲ್ಲಿ ತಲೆ ಕಡಿಸಿಕೊಂಡವರು ಇಬ್ಬರು, ಆ್ಯನ್ ಬೊಲಿನ್ ಮತ್ತು ಕ್ಯಾಥರೀನ್ ಹೊವರ್ಡ್. ಆದರೆ ಆ ಆರರಲ್ಲಿ ಮೂವರು ಕ್ಯಾಥರೀನ್, ಇಬ್ಬರು ಆ್ಯನ್. ಇಂಥ ಕಡೆ ಆ್ಯಪ್‌ನ ಪ್ರಶ್ನೆಗಳು ಚೆನ್ನಾಗಿವೆ.

ತಪ್ಪುಗಳೂ ಇವೆ. ಮಹಿಳೆಯರಿಗೆ ಗಂಡಸರಷ್ಟೇ ವಯಸ್ಸಿಗೆ, 21ಕ್ಕೆ, ಮತದಾನದ ಹಕ್ಕು ಬಂದದ್ದು 1928ರಲ್ಲಿ. 1918ರಲ್ಲಿ ಬಂದದ್ದು 30 ದಾಟಿದವರಿಗೆ. ಆ್ಯಪ್‌ನ ಒಂದು ವಿವರಣೆಯಲ್ಲಿ ಇವೆರಡು ಅದಲುಬದಲಾಗಿತ್ತು. ರಾಣಿ ಎಲಿಜಬೆತ್ 2022ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಮೇಲೂ ಕೆಲವು ಪ್ರಶ್ನೆಗಳಲ್ಲಿ ಅವರೇ ರಾಷ್ಟ್ರದ ಮುಖ್ಯಸ್ಥೆ. ನಾನು ಬರೆದು ತಿಳಿಸಿದೆ. ಮತದಾನದ್ದು ತಿಂಗಳೊಳಗೆ ಸರಿಯಾಯಿತು, ಇನ್ನೊಂದಕ್ಕೆ ಐದು ತಿಂಗಳು ಬೇಕಾಯಿತು. ದುಡ್ಡು ತೆಗೆದುಕೊಳ್ಳುವವರು ಇಷ್ಟು ತಡ ಮಾಡಬಾರದು. ಚಂದಾ ವಿಷಯವೂ ಅಷ್ಟೆ. ತಿಂಗಳಿಗೆ 5 ಪೌಂಡ್, ತಾನಾಗಿ ಮುಂದುವರಿಯುತ್ತದೆ. ನಾನು ಪಾಸಾದ ಮೇಲೆ ಯಾರೂ ಬಳಸದ ಮೂರು ತಿಂಗಳಿಗೂ ಹಣ ಹೋಯಿತು. ನಿಲ್ಲಿಸುವ ಗುಂಡಿ ಹುಡುಕಲು ನಾಲ್ಕು ಪುಟ ದಾಟಬೇಕು.

ಆ್ಯಪ್ ಹೇಳಿಕೊಡದ, ಆದರೆ ನಮ್ಮವರಿಗೆ ಬಹಳ ಮುಖ್ಯವಾದ ಒಂದು ವಿಷಯ: ಹೆಸರು. ಬುಕಿಂಗ್‌ನಲ್ಲಿ ಕೊಡುವ ಹೆಸರು ನೀವು ತೋರಿಸುವ ಗುರುತಿನ ದಾಖಲೆಯಲ್ಲಿ ಇರುವಂತೆಯೇ ಇರಬೇಕು. ನಮ್ಮಲ್ಲಿ ಇನಿಷಿಯಲ್, ಅಪ್ಪನ ಹೆಸರು, ಊರಿನ ಹೆಸರು, ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ನನ್ನ ಸ್ನೇಹಿತರೊಬ್ಬರು ಇನಿಷಿಯಲ್ ಬಿಡಿಸಿ ಬರೆದಿದ್ದರು, ಪಾಸ್‌ಪೋರ್ಟ್‌ನಲ್ಲಿ ಅದು ಹಾಗಿರಲಿಲ್ಲ. ಬಾಗಿಲಿನಿಂದಲೇ ವಾಪಸ್ ಬಂದರು, ಹಣವೂ ಹೋಯಿತು. ಬುಕ್ ಮಾಡುವಾಗ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಸಮಯದ ಚಿಂತೆ ಮಾತ್ರ ಬೇಡ, 45 ನಿಮಿಷ ಧಾರಾಳ ಸಾಕು. ಎರಡನೇ ಸಲ ನಾನು ಹದಿನೈದು ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತು ಎರಡು ಉತ್ತರದ ಪ್ರಶ್ನೆಗಳನ್ನು ಮತ್ತೆ ನೋಡಿದೆ. ಪಾಸಾದೆ.

ಹೆಂಡತಿ ನನ್ನ ಹಾಗೆ ಮಾಡಲಿಲ್ಲ. ಮೊದಲು ಪುಸ್ತಕ, ಕೊನೆಯ ಎರಡು ವಾರ ಮಾತ್ರ ಆ್ಯಪ್, ದಿನಕ್ಕೆ ಒಂದೇ ಪತ್ರಿಕೆ. ಒಂದೇ ಸಲಕ್ಕೆ ಆಯಿತು. ಚಂದಾ ಒಂದು ತಿಂಗಳದ್ದು ಸಾಕಾಯಿತು. ನಾನು ಕೊಡುವ ಸಲಹೆಯೂ ಅದೇ: ಒಂದು ತಿಂಗಳಿಗೆ ತೆಗೆದುಕೊಳ್ಳಿ, ಅದೇ ದಿನ ತಾನಾಗಿ ಮುಂದುವರಿಯುವುದನ್ನು ನಿಲ್ಲಿಸಿ. ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಉತ್ತರಗಳ ಜಾಗ ಬದಲಿಸುವ ಒಂದು ಸಣ್ಣ ಕೆಲಸ ಮಾಡಿದರೆ ಇನ್ನೊಂದು ಕೊಡಲು ಸಿದ್ಧ.

ಮಗಳಿಗೆ ಹದಿನೆಂಟು ತುಂಬಿದೆ, ಅವಳ ಪರೀಕ್ಷೆ ಮುಂದಿನ ತಿಂಗಳು. ನನ್ನ ಎರಡು ಕಾಲಂನ ನೋಟ್‌ಬುಕ್ ಈಗ ಅವಳ ಬ್ಯಾಗಿನಲ್ಲಿದೆ. ನಿನ್ನೆ ರಾತ್ರಿ ಊಟದ ಹೊತ್ತಿಗೆ 1509 ಏನು ಅಂತ ಕೇಳಿದೆ. ‘ಅಪ್ಪಾ, ಲಂಡನ್ ಮೊದಲು ಹೇಳ್ಲಾ, ಹಂಪಿ ಮೊದಲು ಹೇಳ್ಲಾ?’ ಅಂದಳು.